ಕೊನೇ ಬಸ್ ನೋಡಿಕೊಂಡು ಸಭೆ ಹುಡುಕಿ: ಕುಡಿತ ಬಿಡಬೇಕು ಅನ್ನುವವರಿಗೆ ಕಂಡಕ್ಟರ್ ಹೇಳುವ ದಾರಿ

ಮೊದಲು ವಾಪಸ್ ಬರುವ ಬಸ್ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ. ಕುಡಿತ ಬಿಟ್ಟವರು ಸೇರುವ ಸಭೆ ಹುಡುಕುವುದು ಆಮೇಲೆ. ಬೆಂಗಳೂರಿನವರಿಗೆ ಈ ಮಾತು ತಮಾಷೆ ಅನ್ನಿಸಬಹುದು. ಮೂಡಿಗೆರೆ, ಬಣಕಲ್, ಆಲ್ದೂರು ಕಡೆಯವರಿಗೆ ಅನ್ನಿಸುವುದಿಲ್ಲ. ಸಭೆ ಮುಗಿಯುವುದು ಏಳೂವರೆಗೆ, ನಿಮ್ಮೂರಿನ ಹಾಲ್ಟ್ ಬಸ್ ಹೊರಡುವುದು ಏಳೂಕಾಲಿಗೆ ಅಂತಿಟ್ಟುಕೊಳ್ಳಿ. ಆ ಮನುಷ್ಯ ರಾತ್ರಿ ಎಲ್ಲಿ ಉಳಿಯುತ್ತಾನೆ? ಬಸ್‌ಸ್ಟ್ಯಾಂಡಿನಲ್ಲಿ. ಬಸ್‌ಸ್ಟ್ಯಾಂಡಿನ ಸುತ್ತ ಏನೇನಿರುತ್ತದೆ ಅಂತ ಕುಡಿಯುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಾನು ಚಿಕ್ಕಮಗಳೂರು–ಮೂಡಿಗೆರೆ ಲೈನಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್. ಕುಡಿಯುತ್ತಿದ್ದೆ, ಈಗ ಕುಡಿಯುವುದಿಲ್ಲ. ಈ ಲೈನಿನವರಿಗೆ ಅದು ಗೊತ್ತು. ಹಾಗಾಗಿ ಕೇಳುತ್ತಾರೆ. ಗಂಡಸರು ಫುಟ್‌ಬೋರ್ಡಿನ ಹತ್ತಿರ ನಿಂತು, ಯಾರಿಗೂ ಕೇಳದ ಹಾಗೆ ಕೇಳುತ್ತಾರೆ. ಹೆಂಗಸರು ಚಿಲ್ಲರೆ ತೆಗೆದುಕೊಳ್ಳುವಾಗ ಕೈ ಹಿಂದಕ್ಕೆ ತೆಗೆಯದೆ, "ಕಂಡಕ್ಟ್ರೇ, ನೀವು ಬಿಟ್ರಂತಲ್ಲ, ಎಲ್ಲಿಗೆ ಹೋಗಿದ್ರಿ? ನಮ್ಮೆಜಮಾನ್ರನ್ನ ಕಳಿಸ್ಬೇಕಿತ್ತು" ಅನ್ನುತ್ತಾರೆ. ಅಷ್ಟರಲ್ಲಿ ಹಾಂದಿ ಸ್ಟಾಪ್ ಬರುತ್ತದೆ, ಹತ್ತು ಜನ ಹತ್ತುತ್ತಾರೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಬಸ್ಸಿನಲ್ಲಿ ಅರ್ಧರ್ಧ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸಭೆಗಿಂತ ಮುಂಚೆ ನಿಮ್ಮ ಕೈ ನೋಡಿಕೊಳ್ಳಿ

ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದಾ? ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿಯಬೇಕಾಗುತ್ತದಾ? ಒಂದು ನೈಂಟಿ ಹೊಟ್ಟೆಗೆ ಬಿದ್ದ ಮೇಲೆ ಆ ನಡುಕ ನಿಲ್ಲುತ್ತದಾ? ಹಾಗಿದ್ದರೆ ನಿಮಗೆ ಮೊದಲು ಬೇಕಾದವರು ಡಾಕ್ಟರು.

ದಿನಾ ಜಾಸ್ತಿ ಕುಡಿಯುವವರು ಒಂದೇ ಏಟಿಗೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ನಿದ್ದೆ ಹತ್ತುವುದಿಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಇಲ್ಲದ ದನಿ ಕೇಳಿಸುತ್ತದೆ. ಯಾವ ಊರು, ಯಾವ ದಿನ ಅಂತ ಗೊತ್ತಾಗುವುದಿಲ್ಲ. ಡಾಕ್ಟರು ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ. ನಮ್ಮ ಕಡೆ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಅಂತ ನಿಂಬೆಹಣ್ಣು ಇಳಿ ತೆಗೆಯುತ್ತಾ ಕೂರುತ್ತಾರೆ. ಇದರಲ್ಲಿ ಪ್ರಾಣ ಹೋಗಬಹುದು. ಫಿಟ್ಸ್ ಬಂದರೆ, ಮನುಷ್ಯ ಅಸಂಬದ್ಧ ಮಾತಾಡಲು ಶುರು ಮಾಡಿದರೆ, 108ಕ್ಕೆ ಫೋನ್ ಮಾಡಿ. ಆ ಹೊತ್ತಿನಲ್ಲಿ ಅವರನ್ನು ಯಾವ ಸಭೆಗೂ ಕರೆದುಕೊಂಡು ಹೋಗಬೇಡಿ.

ಹಾಸನದವರಿಗೆ ಹಿಮ್ಸ್ ಆಸ್ಪತ್ರೆ ಇದೆ, ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆ ಇದೆ. ಮನೋರೋಗ ವಿಭಾಗ ಅಂತ ಕೇಳಿಕೊಂಡು ಹೋಗಿ. ಬೋರ್ಡ್ ನೋಡಿ ಹಿಂದೆ ಸರಿಯಬೇಡಿ. ಕುಡಿತ ಬಿಡಿಸುವ ಔಷಧಿ ಕೊಡುವವರು ಅಲ್ಲೇ ಇರುವುದು. ನಡುಕ, ಫಿಟ್ಸ್ ತಡೆಯಲು ಮಾತ್ರೆ ಕೊಡುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ಜಿಲ್ಲಾ ಕೇಂದ್ರದವರೆಗೆ ಹೋಗಲಾಗದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ 'ಮನೋಚೈತನ್ಯ' ಅಂತ ಕೇಳಿ. ಮಾನಸಿಕ ತಜ್ಞರು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಸರ್ಕಾರಿ ಕಾರ್ಯಕ್ರಮ ಅದು. ಮುಂದಿನದು ಯಾವ ಮಂಗಳವಾರ ಅಂತ ಹಿಂದಿನ ದಿನವೇ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಆಸ್ಪತ್ರೆಯಿಂದ ಇನ್ನೊಂದು ಉಪಯೋಗ ಇದೆ. ಅಲ್ಲಿ ಕೌನ್ಸೆಲರ್ ಇರುತ್ತಾರೆ. "ಕುಡಿತ ಬಿಟ್ಟವರ ಸಭೆ ಈ ಊರಲ್ಲಿ ಎಲ್ಲಿ ಆಗುತ್ತೆ?" ಅಂತ ಅವರನ್ನೇ ಕೇಳಿ. ಎಷ್ಟೋ ಸಲ ಸಭೆಯ ಸದಸ್ಯರೇ ಆಸ್ಪತ್ರೆಗೆ ಬಂದು ಹೊಸಬರ ಹತ್ತಿರ ಮಾತಾಡುವ ರೂಢಿ ಇರುತ್ತದೆ.

ಅಯ್ಯಪ್ಪನ ಮಾಲೆ ಹಾಕಿ 41 ದಿನ ಬಾಯಿಗೆ ಒಂದು ತೊಟ್ಟು ಮುಟ್ಟಿಸದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಮಾಲೆ ತೆಗೆದ ಸಂಜೆಗೇ ಅವರಲ್ಲಿ ಎಷ್ಟೋ ಜನ ನನ್ನ ಬಸ್ಸಿನಲ್ಲಿ ವಾಸನೆ ಹೊಡೆಯುತ್ತಾ ಹತ್ತುತ್ತಾರೆ. ನಿಲ್ಲಿಸುವುದು ಅವರಿಗೆ ಬರುತ್ತದೆ. ನಲವತ್ತೆರಡನೇ ದಿನ ಏನು ಮಾಡಬೇಕು ಅನ್ನುವುದು ಬರುವುದಿಲ್ಲ. ಸಭೆ ಇರುವುದು ಆ ನಲವತ್ತೆರಡನೇ ದಿನಕ್ಕೆ.

ಯಾವ ಸಭೆ ಅಂತ ಕೇಳಬೇಕು?

ನಮ್ಮ ಎರಡು ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ದಾರಿ.

ಒಂದು ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರೂ 'ಎಎ' ಅನ್ನುತ್ತಾರೆ. 1935ರಲ್ಲಿ ಅಮೆರಿಕದ ಅಕ್ರಾನ್ ಅನ್ನುವ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಮಾತಾಡಿಕೊಂಡು ಕುಡಿಯದೇ ಉಳಿದದ್ದರಿಂದ ಶುರುವಾದದ್ದು. ಒಬ್ಬ ನ್ಯೂಯಾರ್ಕಿನ ಷೇರುಪೇಟೆಯವನು, ಇನ್ನೊಬ್ಬ ಆಪರೇಷನ್ ಮಾಡುವ ಡಾಕ್ಟರ್. ಡಾಕ್ಟರಿಗೇ ಬಿಡಲಾಗದ ಕುಡಿತ ಕಂಡಕ್ಟರಿಗೆ ಬಿಡಲಾಗಲಿಲ್ಲ ಅಂದರೆ ನಾಚಿಕೆ ಪಡುವಂಥದ್ದೇನಿಲ್ಲ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸೇರಲು ಒಂದೇ ಅರ್ಹತೆ, ಕುಡಿತ ಬಿಡಬೇಕು ಅನ್ನುವ ಆಸೆ. ಫೀಸಿಲ್ಲ. ಅರ್ಜಿ ಇಲ್ಲ. ಆಧಾರ್ ಕಾರ್ಡ್ ಕೇಳುವುದಿಲ್ಲ. ಪತ್ರಿಕೆ, ರೇಡಿಯೋ, ಸಿನಿಮಾದಂಥ ಕಡೆ ಸದಸ್ಯರು ತಮ್ಮ ಹೆಸರು ಹೇಳಿಕೊಳ್ಳಬಾರದು ಅನ್ನುವುದು ಅವರ ಹನ್ನೆರಡು ಸಂಪ್ರದಾಯಗಳಲ್ಲಿ ಒಂದು. ನಾನಿಲ್ಲಿ ಹೆಸರು ಹಾಕದಿರುವುದೂ ಅದಕ್ಕೇ.

ಇನ್ನೊಂದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರ. ಇದನ್ನು ಮಲೆನಾಡಿನವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ಯಾವುದಾದರೂ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಅಲ್ಲೇ ಉಳಿಸಿಕೊಳ್ಳುತ್ತಾರೆ. ಯೋಗ, ಭಜನೆ, ಡಾಕ್ಟರ ತಪಾಸಣೆ, ಮನೆಯವರನ್ನು ಕರೆಸಿ ಮಾತಾಡಿಸುವುದು, ಎಲ್ಲ ಇರುತ್ತದೆ. ಶಿಬಿರ ಮುಗಿಸಿದವರನ್ನು ಸೇರಿಸಿ 'ನವಜೀವನ ಸಮಿತಿ' ಮಾಡುತ್ತಾರೆ. ನಿಮ್ಮ ಊರಿನ ಪಕ್ಕದಲ್ಲೇ ಸಿಗಬಹುದಾದ ಗುಂಪು ಇದೇ. ಹುಡುಕುವುದೂ ಸುಲಭ. ನಿಮ್ಮ ಬೀದಿಯಲ್ಲಿ ಧರ್ಮಸ್ಥಳ ಸಂಘಕ್ಕೆ ವಾರವಾರ ಕಂತು ಕಟ್ಟುವ ಹೆಂಗಸರು ಇದ್ದೇ ಇರುತ್ತಾರೆ. ನಿಮ್ಮ ಮನೆಯಲ್ಲೇ ಇರಬಹುದು. ಸಂಘದ ಸೇವಾಪ್ರತಿನಿಧಿ ಯಾರು ಅಂತ ಅವರಿಗೆ ಗೊತ್ತು. ಮುಂದಿನ ಶಿಬಿರ ಯಾವ ಊರಿನಲ್ಲಿ, ನವಜೀವನ ಸಮಿತಿ ಎಲ್ಲಿ ಸೇರುತ್ತದೆ ಅಂತ ಸೇವಾಪ್ರತಿನಿಧಿಯೇ ಹೇಳುತ್ತಾರೆ, ಇಲ್ಲವೇ ತಾಲ್ಲೂಕಿನ ಯೋಜನಾ ಕಚೇರಿಗೆ ಕಳಿಸುತ್ತಾರೆ.

ಯಾವುದು ಒಳ್ಳೆಯದು ಅಂತ ಕೇಳಬೇಡಿ. ಎಂಟು ದಿನ ಮನೆ, ಕೆಲಸ ಬಿಟ್ಟು ಇರಲು ಆಗುತ್ತದೆ, ಊರವರಿಗೆ ಗೊತ್ತಾದರೂ ಪರವಾಗಿಲ್ಲ ಅನ್ನುವವರಿಗೆ ಶಿಬಿರ ಸರಿ. ರಜೆ ಸಿಗದವರಿಗೆ, ಹೆಸರು ಹೊರಗೆ ಬರಬಾರದು ಅನ್ನುವವರಿಗೆ ಎಎ ಸರಿ. ಶಿಬಿರ ಮುಗಿಸಿ ಎಎಗೆ ಬರುವವರೂ ಇದ್ದಾರೆ. ಎರಡಕ್ಕೂ ಜಗಳ ಇಲ್ಲ.

ಫೋನಿನಲ್ಲಿ ಏನಂತ ಕೇಳುವುದು?

ಎಎ ಸಭೆಗೆ ಬ್ಯಾನರ್ ಕಟ್ಟುವುದಿಲ್ಲ, ಆಟೋದಲ್ಲಿ ಮೈಕ್ ಹಿಡಿದು ಕೂಗುವುದಿಲ್ಲ. ಚರ್ಚಿನ ಹಿಂದಿನ ಕೋಣೆ, ಶಾಲೆಯ ಒಂದು ಕ್ಲಾಸ್‌ರೂಮು, ಆಸ್ಪತ್ರೆಯ ಮೂಲೆಯ ಹಾಲ್, ಇಂಥ ಕಡೆ ಸೇರುತ್ತಾರೆ. ರಸ್ತೆಯಲ್ಲಿ ಹೋಗುವವರಿಗೆ ಕಾಣಿಸುವುದಿಲ್ಲ. ಹಾಗಾಗಿ ಫೋನ್ ಮಾಡದೆ ದಾರಿ ಇಲ್ಲ. ಎಎಯ ಭಾರತದ ಮುಖ್ಯ ಕಚೇರಿ ಮುಂಬೈನಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಊರು ಹಾಕಿ ಸಭೆ ಹುಡುಕಬಹುದು, ಸಹಾಯವಾಣಿಯ ನಂಬರೂ ಸಿಗುತ್ತದೆ. ಮೊಬೈಲ್ ನೋಡಲು ಬರದಿದ್ದರೆ ಮನೆಯ ಮಕ್ಕಳ ಕೈಲಿ ಹುಡುಕಿಸಿ. ಅವರಿಗೆ ಎಲ್ಲ ಗೊತ್ತಿರುತ್ತದೆ, ಮುಚ್ಚಿಟ್ಟು ಏನೂ ಪ್ರಯೋಜನ ಇಲ್ಲ.

ಫೋನ್ ಬೆಳಿಗ್ಗೆ ಮಾಡಿ. ರಾತ್ರಿ ಎಣ್ಣೆ ಹಾಕಿ ಮಾಡಿದರೂ ಅವರು ಬೈಯುವುದಿಲ್ಲ, ಅವರೂ ಅಲ್ಲಿಂದಲೇ ಬಂದವರು. ಆದರೆ ರಾತ್ರಿ ಕೇಳಿದ ವಿಳಾಸ ಬೆಳಿಗ್ಗೆ ನೆನಪಿರುವುದಿಲ್ಲ ಅಲ್ವಾ?

ಮಾತು ಹೇಗೆ ಶುರು ಮಾಡುವುದು ಅನ್ನುವುದೇ ಎಲ್ಲರಿಗೂ ದೊಡ್ಡ ತೊಡಕು. ಫೋನ್ ಹಿಡಿದುಕೊಂಡು ಗಂಟಲು ಕಟ್ಟುತ್ತದೆ. ನಾನು ಹೇಳಿಕೊಡುವುದು ಇಷ್ಟೇ: "ನಮಸ್ಕಾರ ಸರ್, ನಾನು ಮೂಡಿಗೆರೆ ಕಡೆಯವನು. ಕುಡಿತ ಬಿಡ್ಬೇಕು ಅಂತಿದೀನಿ. ಹತ್ರದಲ್ಲಿ ಸಭೆ ಎಲ್ಲಾಗುತ್ತೆ?" ಹೆಸರು ಹೇಳಬೇಕಾಗಿಲ್ಲ. ಯಾವಾಗಿಂದ ಕುಡಿಯುತ್ತೀರಿ, ಎಷ್ಟು ಕುಡಿಯುತ್ತೀರಿ ಅಂತ ಲೆಕ್ಕ ಒಪ್ಪಿಸಬೇಕಾಗಿಲ್ಲ. ಅವರು ಸ್ಥಳೀಯ ಸದಸ್ಯರೊಬ್ಬರ ನಂಬರ್ ಕೊಡುತ್ತಾರೆ, ಇಲ್ಲವೇ ಅವರಿಂದಲೇ ನಿಮಗೆ ಫೋನ್ ಮಾಡಿಸುತ್ತಾರೆ. ಆ ನಂಬರನ್ನು ನಾನು ಮೊಬೈಲಿನಲ್ಲಿ 'ಗೊಬ್ಬರದ ಅಂಗಡಿ' ಅಂತ ಸೇವ್ ಮಾಡಿಕೊಂಡಿದ್ದೆ. ನಮ್ಮ ಡ್ರೈವರ್ ಒಂದು ದಿನ ನೋಡಿ, "ನಿಂಗೆ ತೋಟ ಯಾವಾಗ ಬಂತು ಮಾರಾಯ?" ಅಂದ.

ಸ್ಥಳೀಯ ಸದಸ್ಯರು ಸಿಕ್ಕಿದ ಮೇಲೆ ಇವಿಷ್ಟನ್ನು ಬಿಡದೆ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ವಾರ, ಎಷ್ಟು ಗಂಟೆಗೆ. ಮುಗಿಯುವುದು ಎಷ್ಟಕ್ಕೆ. ಬಸ್‌ಸ್ಟ್ಯಾಂಡಿನಿಂದ ಹೇಗೆ ಬರಬೇಕು. ಮಾತು ಕನ್ನಡದಲ್ಲಿ ನಡೆಯುತ್ತದಾ. ಓಪನ್ ಸಭೆಯಾ, ಕ್ಲೋಸ್ಡ್ ಸಭೆಯಾ. ಓಪನ್ ಅಂದರೆ ಹೆಂಡತಿ, ಅಣ್ಣತಮ್ಮ, ಯಾರು ಬೇಕಾದರೂ ಬಂದು ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮನೆಯವರ ಜೊತೆ ಹೋಗುವ ಯೋಚನೆ ಇದ್ದರೆ ಇದನ್ನು ಮೊದಲೇ ತಿಳಿದುಕೊಳ್ಳಿ, ಇಲ್ಲದಿದ್ದರೆ ಪಾಪ ಅವರು ಒಂದೂವರೆ ಗಂಟೆ ಹೊರಗೆ ಕೂರಬೇಕಾಗುತ್ತದೆ.

ಕೊನೆಯಲ್ಲಿ ಇನ್ನೊಂದು ಕೇಳಿ: "ಬಸ್‌ಸ್ಟ್ಯಾಂಡಿಗೆ ಯಾರಾದ್ರೂ ಬರ್ತೀರಾ?" ಕೇಳಲು ಸಂಕೋಚ ಬೇಡ. ಹೊಸಬರನ್ನು ಕರೆದುಕೊಂಡು ಹೋಗುವುದು ಅವರು ಮಾಡಲೇಬೇಕಾದ ಕೆಲಸ ಅಂತ ಹಳಬರು ನಂಬುತ್ತಾರೆ. ಅದರಿಂದ ಅವರೂ ಕುಡಿಯದೇ ಉಳಿಯುತ್ತಾರೆ. ಚಿಕ್ಕಮಗಳೂರಿನಲ್ಲಿ ಇಳಿದು ಹನುಮಂತಪ್ಪ ಸರ್ಕಲ್ ದಾಟಿ ಒಬ್ಬರೇ ನಡೆದು ಹೋಗುವುದಕ್ಕೂ, ಪಕ್ಕದಲ್ಲಿ ಒಬ್ಬರು ಇರುವುದಕ್ಕೂ ಬಹಳ ವ್ಯತ್ಯಾಸ ಇದೆ. ದಾರಿಯಲ್ಲಿ ಎಷ್ಟು ಬೋರ್ಡ್ ಇವೆ ಅಂತ ನಿಮಗೇ ಗೊತ್ತು.

ಯಾರ ಹತ್ತಿರ ಮಾತಾಡುವುದಕ್ಕೂ ಧೈರ್ಯ ಬರದಿದ್ದರೆ ಸರ್ಕಾರದ ಟೆಲಿ-ಮನಸ್ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನ ಬಿಡಿಸುವುದಕ್ಕೇ ಅಂತ 14446 ಅನ್ನುವ ಇನ್ನೊಂದು ನಂಬರೂ ಇದೆ.

ದಿನ ಮತ್ತು ಬಸ್

ಹತ್ತಿರದಲ್ಲಿ ಎರಡು ಮೂರು ಸಭೆ ಇವೆ ಅಂತ ಗೊತ್ತಾದರೆ ಯಾವುದಕ್ಕೆ ಹೋಗುವುದು? ನೀವು ಜಾಸ್ತಿ ಕುಡಿಯುವ ದಿನ ಯಾವುದೋ, ಆ ದಿನದ ಸಭೆಗೆ.

ತೋಟದಲ್ಲಿ ಕೆಲಸ ಮಾಡುವವರಿಗೆ ಅದು ಬಟವಾಡೆ ದಿನ, ಇಲ್ಲ ಸಂತೆ ದಿನ. ಕೈಯಲ್ಲಿ ವಾರದ ದುಡ್ಡು ಬಿಸಿಯಾಗಿ ಇರುತ್ತದೆ. ಬಟವಾಡೆ ಸಂಜೆ ನನ್ನ ಬಸ್ಸಿನಲ್ಲಿ ಹೋಗುವಾಗ ಅಕ್ಕಿ ಚೀಲ ತುಂಬಿರುವುದು ಹೆಂಗಸರ ಕೈಯಲ್ಲಿ, ಗಂಡಸರ ಕೈಯಲ್ಲಿ ಮಡಚಿದ ಖಾಲಿ ಚೀಲ. ನಮ್ಮಂಥವರಿಗೆ ಅದು ರಾತ್ರಿ ಕಲೆಕ್ಷನ್ ಕಟ್ಟಿ, ದಿನದ ಬಾಟಾ (ಭತ್ಯೆ) ಕೈಗೆ ಬಂದ ಹೊತ್ತು. ಸರ್ಕಾರಿ ನೌಕರರಿಗೆ ತಿಂಗಳ ಮೊದಲ ವಾರ. ನಿಮ್ಮ ದಿನ ಯಾವುದು ಅಂತ ನಿಮಗಿಂತ ಚೆನ್ನಾಗಿ ನಿಮ್ಮ ಹೆಂಡತಿಗೆ ಗೊತ್ತು. ಬೇಕಿದ್ದರೆ ಕೇಳಿ ನೋಡಿ.

ಆ ದಿನದ ಸಭೆ ಎಲ್ಲಿದೆ ಅಂತ ಗೊತ್ತಾದ ಮೇಲೆ ಬಸ್ ಹೊಂದಿಸಬೇಕು. ಬೇಲೂರಿನವರಿಗೆ ಹಾಸನವೂ ಆಗುತ್ತದೆ, ಚಿಕ್ಕಮಗಳೂರೂ ಆಗುತ್ತದೆ. ಎರಡಕ್ಕೂ ಬಸ್ ಜಾಸ್ತಿ. ಸಕಲೇಶಪುರ, ಆಲೂರಿನವರಿಗೆ ಹಾಸನ ಸರಿ, ಹೆದ್ದಾರಿಯಲ್ಲಿ ರಾತ್ರಿಯೂ ಬಸ್ ಓಡುತ್ತದೆ. ಕಷ್ಟ ಇರುವುದು ಕಳಸ, ಕೊಟ್ಟಿಗೆಹಾರ, ಬಾಳೂರು ಕಡೆಯವರಿಗೆ. ಅವರಿಗೆ ಸಂಜೆ ಸಭೆ ಆಗಿ ಬರುವುದಿಲ್ಲ. ಭಾನುವಾರ ಹಗಲು ಹೊತ್ತಿನ ಸಭೆ ಎಲ್ಲಾದರೂ ಇದೆಯಾ ಅಂತ ಕೇಳಬೇಕು. ಅದೂ ಇಲ್ಲದಿದ್ದರೆ ಫೋನಿನಲ್ಲೇ ಸೇರುವ ಆನ್‌ಲೈನ್ ಸಭೆಗಳಿವೆ. ನೆಟ್‌ವರ್ಕ್ ಸಿಗುವ ದಿಬ್ಬ ಯಾವುದು ಅಂತ ನೋಡಿಟ್ಟುಕೊಂಡರೆ ಆಯಿತು. ಮಳೆಗಾಲದಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜುಲೈನಲ್ಲಿ ರಸ್ತೆಗೆ ಮರ ಬಿದ್ದು ಬಸ್ ನಿಂತುಹೋದರೆ ಯಾವ ಸಭೆಗೆ ಹೋಗುತ್ತೀರಿ?

ಕೊನೇ ಬಸ್ಸಿನ ಟೈಮ್ ಬೋರ್ಡ್ ನೋಡಿ ನಂಬಬೇಡಿ. ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟ್ ಇರುತ್ತಾನೆ, ಅವನನ್ನು ಕೇಳಿ. ಇವತ್ತು ಆ ಬಸ್ ಬರುತ್ತದಾ, ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ ಹೋಗಿದೆಯಾ, ಮದುವೆ ಟ್ರಿಪ್ಪಿಗೆ ಹೋಗಿದೆಯಾ ಅಂತ ಅವನಿಗೆ ಮಾತ್ರ ಗೊತ್ತು. ಕೊನೇ ಬಸ್ ಲೆಕ್ಕದಲ್ಲಿ ಹಿಡಿಯಬೇಡಿ, ಅದರ ಹಿಂದಿನದನ್ನು ಹಿಡಿಯಿರಿ. ಹತ್ತು ನಿಮಿಷ ಮುಂಚೆ ಏಳುತ್ತೇನೆ ಅಂತ ಸಭೆ ಶುರುವಿನಲ್ಲೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಸನಾಂಬೆ ದರ್ಶನ ಇರುವ ದಿನಗಳಲ್ಲಿ ಹಾಸನದ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ದತ್ತ ಜಯಂತಿ ಸಮಯದಲ್ಲಿ ಚಿಕ್ಕಮಗಳೂರಿನಲ್ಲಿ ಬಂದೋಬಸ್ತ್ ಇರುತ್ತದೆ, ರಸ್ತೆ ಬದಲಾಯಿಸುತ್ತಾರೆ. ಆ ವಾರಗಳಲ್ಲಿ ಸಭೆ ಇದೆಯಾ ಅಂತ ಫೋನ್ ಮಾಡಿಯೇ ಹೊರಡಿ.

ವಾಪಸ್ ಬರುವ ಟಿಕೆಟ್ ದುಡ್ಡನ್ನು ಬೇರೆ ಜೇಬಿನಲ್ಲಿಡಿ. ಹೊರಡುವಾಗ ಅದಕ್ಕಿಂತ ಜಾಸ್ತಿ ತರಲೇಬೇಡಿ. ಸಭೆ ಮುಗಿದು ಬಸ್ ಬರುವವರೆಗಿನ ಆ ಇಪ್ಪತ್ತು ನಿಮಿಷ ಇದೆಯಲ್ಲ, ಇಡೀ ವಾರದಲ್ಲಿ ಅದೇ ಕಷ್ಟದ ಹೊತ್ತು. ಮನಸ್ಸು ಹಗುರಾಗಿರುತ್ತದೆ, "ಒಂದೇ ಒಂದು" ಅನ್ನುತ್ತದೆ. ಸಭೆಯವರಲ್ಲಿ ಒಬ್ಬರನ್ನು ಬಸ್‌ಸ್ಟ್ಯಾಂಡಿನವರೆಗೆ ಕರೆದುಕೊಂಡು ಬನ್ನಿ, ಒಂದು ಟೀ ಕುಡಿಯಿರಿ, ಬಸ್ ಹತ್ತಿದ ಮೇಲೇ ಅವರನ್ನು ಬಿಡಿ.

ಊರವರು ನೋಡಿಬಿಟ್ಟರೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಬಾರ್ ಮುಂದಿನ ಚರಂಡಿ ಪಕ್ಕ ಬಿದ್ದಿದ್ದಾಗ ಇಡೀ ಊರು ನೋಡಿದೆ, ಸಭೆಗೆ ಹೋಗುವುದನ್ನು ನೋಡಿದರೆ ಮರ್ಯಾದೆ ಹೋಗುತ್ತದಾ ಅಂತ ಕೇಳಬೇಕು ಅನ್ನಿಸುತ್ತದೆ. ಬಾಯಿಬಿಟ್ಟು ಕೇಳುವುದಿಲ್ಲ. ಸಂಕೋಚ ನಿಜವಾದದ್ದು, ಅದಕ್ಕೊಂದು ದಾರಿ ಇದೆ. ಪಕ್ಕದ ಊರಿನ ಸಭೆಗೆ ಹೋಗಿ. ಚಿಕ್ಕಮಗಳೂರಿನವರು ಹಾಸನಕ್ಕೆ, ಹಾಸನದವರು ಚಿಕ್ಕಮಗಳೂರಿಗೆ. ಮೇಷ್ಟ್ರು, ಬ್ಯಾಂಕಿನವರು ಹೀಗೆ ಮಾಡುವುದುಂಟು. ಅಲ್ಲಿ ನಿಮ್ಮ ಪರಿಚಯದವರೇ ಸಿಕ್ಕಿದರೂ ಗಾಬರಿ ಬೇಡ. ಅವರೂ ಅದೇ ಕೆಲಸಕ್ಕೆ ಬಂದವರು ತಾನೇ?

ಒಳಗೆ ಹೋದ ಮೇಲೆ

ಬಾಗಿಲ ಹೊರಗೆ ಚಪ್ಪಲಿ. ಒಳಗೆ ಪ್ಲಾಸ್ಟಿಕ್ ಕುರ್ಚಿ, ಒಂದು ಟ್ಯೂಬ್‌ಲೈಟ್, ಮೂಲೆಯಲ್ಲಿ ಸ್ಟೀಲ್ ಕ್ಯಾನಿನಲ್ಲಿ ಟೀ. ಮೇಜಿನ ಮೇಲೆ ಪುಸ್ತಕ, ಕರಪತ್ರ. ಗೋಡೆಗೆ, ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಮೆಟ್ಟಿಲು ಬರೆದ ಬಟ್ಟೆ ಇಳಿಬಿಟ್ಟಿರುತ್ತಾರೆ, ಮುಗಿದ ಮೇಲೆ ಸುತ್ತಿ ಎತ್ತಿಡುತ್ತಾರೆ. ಅಷ್ಟೇ. ಡಾಕ್ಟರಿಲ್ಲ, ಭಾಷಣ ಇಲ್ಲ, ಬುದ್ಧಿವಾದ ಇಲ್ಲ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಶೇರಿಂಗ್ ಅನ್ನುತ್ತಾರೆ ಅದಕ್ಕೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ. ನಮ್ಮ ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಅಭ್ಯಾಸ ಆದವರಿಗೆ ಇದೇ ದೊಡ್ಡ ಆಶ್ಚರ್ಯ.

ನಿಮ್ಮ ಸರದಿ ಬಂದಾಗ "ನಾನು ಇವತ್ತು ಸುಮ್ನೆ ಕೇಳ್ತೀನಿ" ಅಂದರೆ ಸಾಕು. ಒತ್ತಾಯ ಮಾಡುವುದಿಲ್ಲ. ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಅಂತ ಯಾರೂ ಹೇಳುವುದಿಲ್ಲ. ಅದು ನಿಮಗೆ ಬಿಟ್ಟದ್ದು. ಕೋಣೆ ಚರ್ಚಿನದ್ದಾದರೆ ಮತಾಂತರ ಮಾಡಿಸುತ್ತಾರಾ ಅಂತ ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಜಾಗ ಕೊಟ್ಟಿದ್ದಾರೆ, ಅಷ್ಟೇ. ನನ್ನ ಪಕ್ಕ ಕೂರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಸಾಬರೂ ಇದ್ದಾರೆ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಯಾರ ಕಥೆಯನ್ನೂ ಬರೆದಿಲ್ಲ.

ಕೊನೆಗೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಬರುತ್ತದೆ. ಟೀ, ಬಾಡಿಗೆ, ಪುಸ್ತಕದ ಖರ್ಚಿಗೆ. ಹೊಸಬರು ಹಾಕಬೇಕಾಗಿಲ್ಲ. ಹಾಕದೆ ಮುಂದೆ ದಾಟಿಸಿದರೂ ಯಾರೂ ನೋಡುವುದಿಲ್ಲ. ಎಎ ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ, ಸದಸ್ಯರ ಚಿಲ್ಲರೆಯಲ್ಲೇ ನಡೆಯುತ್ತದೆ.

ಕುಡಿದು ಹೋಗಬಹುದಾ? ಹೋಗಬಹುದು, ಗಲಾಟೆ ಮಾಡದಿದ್ದರೆ. ಹೊರಗೆ ಹಾಕುವುದಿಲ್ಲ. ಆದರೆ ಆ ದಿನ ಮಾತಾಡಬೇಡಿ, ಕೇಳಿಸಿಕೊಳ್ಳಿ ಅನ್ನುತ್ತಾರೆ.

ಮೊದಲನೇ ಸಭೆ ಹಿಡಿಸದೇ ಹೋಗಬಹುದು. ನಾಲ್ಕು ಜನ ವಯಸ್ಸಾದವರು ಮಾತ್ರ ಇರಬಹುದು, ಇಂಗ್ಲಿಷ್ ಜಾಸ್ತಿ ಇರಬಹುದು. ಒಂದು ಸಭೆ ನೋಡಿ ತೀರ್ಮಾನ ಮಾಡಬೇಡಿ. ಕೆಲವು ವಾರ ಹೋಗಿ, ಆಮೇಲೂ ಆಗದಿದ್ದರೆ ಬೇರೆ ಗುಂಪು ನೋಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಮಾತ್ರ ಸಭೆಯವರು ಯಾರಾದರೂ ಬೇಡ ಅಂದರೂ ಬಿಡಬೇಡಿ. ಔಷಧಿ ವಿಷಯ ಡಾಕ್ಟರ ಹತ್ತಿರವೇ ಮಾತಾಡಬೇಕು.

ಹೆಂಗಸರಿಗೆ

ಗಂಡ ಬರುವುದಿಲ್ಲ ಅಂತ ನೀವು ಮನೆಯಲ್ಲಿ ಕೂರಬೇಕಾಗಿಲ್ಲ. ಕುಡಿಯುವವರ ಮನೆಯವರಿಗೇ ಅಲ್-ಅನಾನ್ ಅನ್ನುವ ಬೇರೆ ಸಭೆ ಇದೆ. 1951ರಲ್ಲಿ ಶುರುವಾದದ್ದು. ಎಎಯವರನ್ನೇ ಕೇಳಿದರೆ ನಿಮ್ಮ ಕಡೆ ಎಲ್ಲಿದೆ ಅಂತ ಹೇಳುತ್ತಾರೆ. ಇಲ್ಲದ ಕಡೆ ಎಎಯ ಓಪನ್ ಸಭೆಗೆ ಹೋಗಿ ಕೂರಬಹುದು. ನಮ್ಮ ಬಸ್ಸಿಗೆ ನಷ್ಟವಾದರೂ ಹೇಳಿಬಿಡುತ್ತೇನೆ: ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಮರೆಯಬೇಡಿ.

ಕುಡಿಯುವ ಹೆಂಗಸರೂ ಇದ್ದಾರೆ, ಲೈನ್ ಮನೆಯಲ್ಲೂ ಇದ್ದಾರೆ, ದೊಡ್ಡ ಮನೆಯಲ್ಲೂ ಇದ್ದಾರೆ. ಅವರಿಗೆ ಗಂಡಸರೇ ತುಂಬಿದ ಕೋಣೆಗೆ ಕಾಲಿಡುವುದು ಕಷ್ಟ. ಫೋನ್ ಮಾಡಿದಾಗಲೇ ಮಹಿಳಾ ಸದಸ್ಯರ ಹತ್ತಿರ ಮಾತಾಡಿಸಿ ಅಂತ ಕೇಳಿ.

ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕೊಡಿ ಅಂತ ಪುಡಿ, ಮಾತ್ರೆ ಮಾರುವವರ ಚೀಟಿಗಳನ್ನು ಬಸ್ಸಿನ ಸೀಟಿನ ಹಿಂದೆ ಅಂಟಿಸಿ ಹೋಗುತ್ತಾರೆ. ಕಂಡಲ್ಲೆಲ್ಲ ನಾನು ಕಿತ್ತುಹಾಕುತ್ತೇನೆ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಬಿಪಿ ಇಳಿದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರು ಅದನ್ನು ಕುಡಿಯುವವರ ಒಪ್ಪಿಗೆ ತೆಗೆದುಕೊಂಡೇ ಕೊಡುತ್ತಾರೆ. ಕದ್ದು ಹಾಕಬೇಡಿ.

ರಾತ್ರಿ ಗಾಡಿ ತಂದು ನಾಲ್ಕು ಜನ ಹಿಡಿದು ಎತ್ತಿಕೊಂಡು ಹೋಗಿ, ತಿಂಗಳುಗಟ್ಟಲೆ ಕೂಡಿಹಾಕುವ 'ಸೆಂಟರ್'ಗಳ ಬಗ್ಗೆಯೂ ಹುಷಾರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳಿಗೆ ನೋಂದಣಿ ಇರಬೇಕು. ದುಡ್ಡು ಕಟ್ಟುವ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ. ಎಎ ಹೆಸರು ಹೇಳಿ ಯಾರಾದರೂ ಫೀಸ್ ಕೇಳಿದರೆ ಅದು ಎಎ ಅಲ್ಲ.

ಎಲ್ಲಿಯೂ ಸಿಗದಿದ್ದರೆ

ಎಎಯ ಪ್ರಕಾರ ಕುಡಿಯದೇ ಇರಬೇಕು ಅಂತ ಇಬ್ಬರು ಮೂವರು ಸೇರಿದರೆ ಅದೇ ಒಂದು ಗುಂಪು. ನಿಮ್ಮ ಊರಿನಿಂದ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಿ ಬರುವವರು ಇನ್ನೊಬ್ಬರು ಸಿಕ್ಕಿದರೆ ಊರಿನಲ್ಲೇ ಶುರು ಮಾಡಬಹುದು. ಹಳೇ ಗುಂಪಿನವರಿಗೆ ಹೇಳಿ, ಮೊದಲ ಕೆಲವು ವಾರ ಅವರೇ ಬಂದು ಕೂರುತ್ತಾರೆ. ಶಾಲೆಯ ಒಂದು ಕೋಣೆ ಕೇಳಿ. ಹೆಡ್‌ಮಾಸ್ಟರು ಒಪ್ಪದಿದ್ದರೆ ಹಾಲಿನ ಡೇರಿಯಲ್ಲಿ ಕೇಳಿ, ಸಂಜೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಅದು ಖಾಲಿ. ಬಾರ್ ಪಕ್ಕದ ಕಟ್ಟಡ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ದಿನ, ಗಂಟೆ ಒಂದು ಸಲ ಗೊತ್ತು ಮಾಡಿದ ಮೇಲೆ ಬದಲಾಯಿಸಬೇಡಿ. ಹತ್ತು ಮೈಲಿ ನಡೆದೋ ಬಸ್ಸಿನಲ್ಲೋ ಬಂದವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಅವನು ಇನ್ನೊಂದು ಸಲ ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಕೌನ್ಸೆಲರ್, ಆಶಾ ಕಾರ್ಯಕರ್ತೆ, ತೋಟದ ರೈಟರು, ಇವರಿಗೆ ಹೇಳಿಟ್ಟಿರಿ. ಯಾವುದಾದರೂ ವಾರ ಸಭೆ ಆಗುವುದಿಲ್ಲ ಅಂತಾದರೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಅದರಲ್ಲಿ ಫೋನ್ ನಂಬರ್ ಬರೆದಿರಿ, ಆ ಫೋನನ್ನು ಆ ಸಂಜೆ ಸೈಲೆಂಟ್‌ನಲ್ಲಿ ಇಡಬೇಡಿ.